ಸ್ಟೇಜಿಗೆ ಬಂದ ಚೀಟಿಗಳು

ನಮಸ್ಕಾರ. ಈಗ ರಾತ್ರಿ ಏಳೂವರೆ. ಇದು ಅರಸೀಕೆರೆ ಹತ್ತಿರದ ನಮ್ಮೂರಿನ ಗಣಪತಿ ಪೆಂಡಾಲ್. ಸ್ಟೇಜ್ ಮೇಲೆ ಆರ್ಕೆಸ್ಟ್ರಾದವರು ಮೈಕ್ ಸರಿ ಮಾಡಿಕೊಳ್ಳುತ್ತಿದ್ದಾರೆ. ಒಂದು ಕೀಬೋರ್ಡ್, ಒಂದು ರಿದಂ ಪ್ಯಾಡ್, ತಬಲಾ, ಡೋಲಕ್. ಹಾಡುವವರು ಮೂವರು. ಹಿಂದಿನ ಫ್ಲೆಕ್ಸಲ್ಲಿ ‘ರಸಮಂಜರಿ’ ಅಂತ ದೊಡ್ಡದಾಗಿ ಬರೆದಿದೆ.

ರಘು ದೀಕ್ಷಿತ್, ಸ್ವರಾತ್ಮ ತಂಡದವರ ಹಾಡು ನನಗೂ ತುಂಬಾ ಇಷ್ಟ. ಆದರೆ ಎದುರು ಕೂತು ಮೊದಲು ಹಾಡು ಕೇಳಿದ್ದು ಇಂಥ ತಂಡದ್ದೇ, ಅಪ್ಪನ ಹೆಗಲ ಮೇಲೆ ಕೂತು.

ಈಗ ಈ ಚೀಟಿ ನೋಡಿ. ಊದುಬತ್ತಿ ಪ್ಯಾಕೆಟ್ ಹರಿದು, ಅದರ ಒಳಗಡೆ ಪೆನ್ಸಿಲಲ್ಲಿ ಬರೆದಿದ್ದಾರೆ. ‘ಅಣ್ಣಾವ್ರ ಹಾಡು ಒಂದು. ಕೆಳಗಿನ ಬೀದಿ ನಮ್ಮಜ್ಜಿಗೆ. ಕಂಬದ ಪಕ್ಕ ಕೂತಿದ್ದಾರೆ.’ ಗಾಯಕರು ಇದನ್ನು ಪೂರ್ತಿ ಓದಿದರು. ಒಂದಕ್ಷರ ಬಿಡಲಿಲ್ಲ. ಕಂಬದ ಕಡೆ ತಿರುಗಿ, ‘ಅಜ್ಜಿ, ಕೇಳಿಸ್ತಾ ಇದೆಯಾ?’ ಅಂದರು. ಅಜ್ಜಿ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತರು. ಸುತ್ತ ಇದ್ದವರೆಲ್ಲ ಅವರನ್ನೇ ನೋಡುತ್ತಿದ್ದರು.

ಹಿಂದೊಮ್ಮೆ ಬೇರೆ ತಂಡ ಬಂದಿತ್ತು. ಸೌಂಡ್ ಇದಕ್ಕಿಂತ ಜೋರು, ಲೈಟಿಂಗ್ ಇನ್ನೂ ಜಾಸ್ತಿ. ಚೀಟಿಗಳನ್ನು ಮಾತ್ರ ಸುಮ್ನೆ ಸ್ಪೀಕರ್ ಮೇಲೆ ಇಟ್ಟುಬಿಟ್ಟರು. ಅದರಲ್ಲಿ ನಂದೂ ಒಂದಿತ್ತು. ಅಪ್ಪ ತೀರಿಕೊಂಡ ವರ್ಷ ಅದು. ಅವರಿಗಿಷ್ಟವಾದ ಹಾಡು ಬರೆದುಕೊಟ್ಟಿದ್ದೆ. ಆವತ್ತಿನ ಬೇಜಾರು ಈಗಲೂ ಹೋಗಿಲ್ಲ. ಮುಂದಿನ ವರ್ಷ ಕಮಿಟಿಯವರು ಆ ತಂಡವನ್ನು ಕರೆಯಲಿಲ್ಲ.

ಇವರು ಬರುವುದು ಇದು ಆರನೇ ವರ್ಷ. ನಡುವೆ ಊರಿನ ಎರಡು ಆರತಕ್ಷತೆಗೂ ಬಂದು ಹಾಡಿದ್ದಾರೆ. ಗಣಪತಿ ಹಬ್ಬ, ದಸರಾ, ಆಮೇಲೆ ನವೆಂಬರ್ ಪೂರ್ತಿ ರಾಜ್ಯೋತ್ಸವ. ಇವರ ದುಡಿಮೆಯ ಕಾಲ ಅಂದರೆ ಇದೇ. ಅಷ್ಟೂ ಊರುಗಳನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಟೆಂಪೋ ಹತ್ತಿರ ಹೋದಾಗ ತಂಡದ ಹಿರಿಯರು ಒಂದು ನೋಟ್‌ಬುಕ್ ತೋರಿಸಿದರು. ರಟ್ಟು ಕಿತ್ತುಹೋಗಿ, ಟೇಪ್ ಸುತ್ತಿದ್ದಾರೆ. ಪುಟಕ್ಕೊಂದು ಹಾಡು. ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ ಊರಿನ ಹೆಸರುಗಳು. ಎಲ್ಲಿ ‘ಒನ್ಸ್ ಮೋರ್’ ಬಂತೋ ಅಲ್ಲಿ ನಕ್ಷತ್ರ.

ಜಾಸ್ತಿ ನಕ್ಷತ್ರ ಇರುವುದು 2017ರ ‘ರಾಜಕುಮಾರ’ ಸಿನಿಮಾದ ‘ಬೊಂಬೆ ಹೇಳುತೈತೆ’ ಹಾಡಿನ ಪುಟದಲ್ಲಿ. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದ ಮೇಲೆ ಆ ಹಾಡಿಗೆ ಚೀಟಿಯೇ ಬೇಕಿಲ್ಲ. ಕೀಬೋರ್ಡಲ್ಲಿ ಮೊದಲ ಸ್ವರ ಬಂದರೆ ಸಾಕು, ಮೊಬೈಲ್ ಟಾರ್ಚ್‌ಗಳು ಮೇಲೇಳುತ್ತವೆ. ನೋಡಿ, ಈಗಲೂ ಅಷ್ಟೇ. ಹಾಡುತ್ತಿರುವುದು ಊರು. ಗಾಯಕರು ಮೈಕ್ ಕೆಳಗಿಳಿಸಿ ಸುಮ್ಮನೆ ನಿಂತಿದ್ದಾರೆ. ನನಗೆ ಇಲ್ಲಿ ಕ್ಯಾಮೆರಾ ನೆಟ್ಟಗೆ ಹಿಡಿಯಲು ಆಗಲಿಲ್ಲ.

ಹತ್ತು ಗಂಟೆಗೆ ಮೈಕ್ ನಿಲ್ಲಲೇಬೇಕು, ಕಾನೂನು. ಇನ್ನೂ ಮೂರು ಚೀಟಿ ಉಳಿದಿದ್ದವು. ಗಾಯಕರು ಸ್ಟೇಜಿನ ಅಂಚಿಗೆ ಬಂದು, ಮೈಕ್ ಇಲ್ಲದೆಯೇ ಮೂರೂ ಹೆಸರು ಕೂಗಿದರು. ‘ಮುಂದಿನ ವರ್ಷ ನಿಮ್ಮ ಹಾಡಿಂದಲೇ ಶುರು’ ಅಂದರು.

ಟೆಂಪೋ ಹತ್ತುವ ಮುಂಚೆ ಆ ನೋಟ್‌ಬುಕ್ ತೆಗೆದು, ನಮ್ಮೂರಿನ ಹೆಸರು ಬರೆದು, ಮೂರೂ ಚೀಟಿಗಳನ್ನು ಅದೇ ಪುಟಕ್ಕೆ ಪಿನ್ ಮಾಡಿಕೊಂಡರು.