ಕ್ಯಾಟ್‌ಫಿಶ್ ವಾಲಿದ ಕೂಡಲೇ ಔಷಧಿ ಹಾಕಬೇಡಿ

ನಮಸ್ಕಾರ. ಅಕ್ವೇರಿಯಂ ಇಟ್ಟವರು ನನಗೆ ಕಳಿಸುವ ವಿಡಿಯೋಗಳಲ್ಲಿ ಕ್ಯಾಟ್‌ಫಿಶ್‌ನದ್ದೇ ಜಾಸ್ತಿ. ಮೀನು ಒಂದು ಕಡೆ ವಾಲಿದೆ, ಇಲ್ಲವೇ ತಲೆಕೆಳಗಾಗಿದೆ, ಇಲ್ಲವೇ ಮೇಲೆ ತೇಲುತ್ತಿದೆ. ಜೊತೆಗೊಂದು ಮಾತು: "ಅಂಗಡಿಯಲ್ಲಿ ಸ್ವಿಮ್ ಬ್ಲಾಡರ್ ಪ್ರಾಬ್ಲಂ ಅಂದ್ರು, ನೀಲಿ ಔಷಧಿ ಕೊಟ್ರು, ಹಾಕಿದ್ದೀವಿ." ಸ್ವಿಮ್ ಬ್ಲಾಡರ್ ಅಂದರೆ ಮೀನನ್ನು ನೀರಲ್ಲಿ ತೇಲಿಸುವ, ಮೈಯೊಳಗಿನ ಗಾಳಿಚೀಲ. ಔಷಧಿ ಹಾಕಿದಲ್ಲೇ ಕೆಲಸ ಕೆಡುವುದು. ದಯವಿಟ್ಟು ಬಾಟಲಿ ಕೆಳಗಿಡಿ. ಹತ್ತು ನಿಮಿಷ ಟ್ಯಾಂಕ್ ಮುಂದೆ ಕೂತು ಮೀನು ಹೇಗೆ ಈಜುತ್ತಿದೆ ನೋಡಿ. ಆಮೇಲೆ ನೀರು ಟೆಸ್ಟ್ ಮಾಡಿ.

ಬೇರೆ ಮೀನಿನಲ್ಲಿ ಕಾಯಿಲೆ ಅನಿಸುವುದು ಕ್ಯಾಟ್‌ಫಿಶ್‌ಗೆ ಸಹಜ ಇರಬಹುದು. ಕಾಂಗೋ ನದಿ ಕಡೆಯ ಸೈನೋಡಾಂಟಿಸ್ ನೈಗ್ರಿವೆಂಟ್ರಿಸ್ ಎಂಬ ಕ್ಯಾಟ್‌ಫಿಶ್ ಹೊಟ್ಟೆ ಮೇಲೆ ಮಾಡಿಕೊಂಡೇ ಈಜುತ್ತದೆ. ಅದರ ಹೊಟ್ಟೆ ಬೆನ್ನಿಗಿಂತ ಕಪ್ಪು. ಗ್ಲಾಸ್ ಕ್ಯಾಟ್‌ಫಿಶ್ ಬಾಲ ಇಳಿಬಿಟ್ಟು, ಸ್ವಲ್ಪ ಓರೆಯಾಗಿ ನಿಂತಲ್ಲೇ ಅಲುಗುತ್ತಿರುತ್ತದೆ. ಇವನ್ನೆಲ್ಲ ನೆಟ್ಟಗೆ ಮಾಡಲು ಹೋಗಬೇಡಿ.

ಈಗ ನಮ್ಮಲ್ಲಿ ತುಂಬಾ ಮನೆಗಳಲ್ಲಿರುವ ಕೋರಿಡೋರಸ್ ಎಂಬ ಪುಟ್ಟ ಕ್ಯಾಟ್‌ಫಿಶ್ ವಿಷಯಕ್ಕೆ ಬರೋಣ. ತಳದಲ್ಲಿ ಮೀಸೆ ಆಡಿಸಿಕೊಂಡು ಮರಳು ಕೆದಕುತ್ತಿರುವ ಮೀನು ಇದ್ದಕ್ಕಿದ್ದಂತೆ ನೇರ ಮೇಲಕ್ಕೆ ಚಿಮ್ಮುತ್ತದೆ, ಒಂದು ಗುಟುಕು ಗಾಳಿ ನುಂಗುತ್ತದೆ, ಅಷ್ಟೇ ವೇಗವಾಗಿ ಕೆಳಗೆ ಬರುತ್ತದೆ. ಕರುಳಿನ ಹಿಂಭಾಗದಲ್ಲಿ ಆ ಗಾಳಿಯ ಆಮ್ಲಜನಕ ರಕ್ತಕ್ಕೆ ಸೇರುತ್ತದೆ, ಉಳಿದದ್ದು ಹಿಂದಿನಿಂದ ಹೊರಗೆ ಹೋಗುತ್ತದೆ. ಆಗೊಮ್ಮೆ ಈಗೊಮ್ಮೆ ಹೀಗೆ ಮಾಡಿದರೆ ಆರೋಗ್ಯವಾಗಿದೆ ಅಂತಲೇ ಅರ್ಥ. ಬಿಡದೆ ಮೇಲೆ ಕೆಳಗೆ ಓಡುತ್ತಿದ್ದರೆ ಮಾತ್ರ ಎದ್ದು ನಿಲ್ಲಿ. ನೀರಿನಲ್ಲಿ ಆಮ್ಲಜನಕ ಕಮ್ಮಿಯಾಗಿದೆ, ಇಲ್ಲವೇ ಕಿವಿರಿಗೆ ಏಟು ಬಿದ್ದಿದೆ. ಕರೆಂಟ್ ಹೋಗಿ ಫಿಲ್ಟರ್ ನಿಂತಿತ್ತಾ? ಬೇಸಿಗೆಯಲ್ಲಿ ನೀರು ಬಿಸಿಯಾಗಿತ್ತಾ? ಮೊದಲು ಅದನ್ನು ಕೇಳಿಕೊಳ್ಳಿ.

ಇನ್ನು ಆ ಸ್ವಿಮ್ ಬ್ಲಾಡರ್ ವಿಷಯ. ಕೋರಿಡೋರಸ್‌ಗೂ, ಗಾಜಿಗೆ ಬಾಯಿ ಅಂಟಿಸಿಕೊಳ್ಳುವ ಸಕ್ಕರ್ ಮೀನಿಗೂ ಅದು ತೀರಾ ಚಿಕ್ಕದು, ಮೂಳೆಯ ಗೂಡಿನೊಳಗೆ ಇರುತ್ತದೆ. ಈಜುವುದು ನಿಲ್ಲಿಸಿದರೆ ಇವು ತಾವಾಗಿಯೇ ತಳ ಸೇರುತ್ತವೆ. ಹಾಗಿರುವಾಗ ಕೋರಿಡೋರಸ್ ಬಾಲ ಮೇಲಾಗಿ ತೇಲುತ್ತಿದ್ದರೆ ನಾನು ಮೊದಲು ನೋಡುವುದು ಹೊಟ್ಟೆಯನ್ನು. ನುಂಗಿದ ಗಾಳಿ ಸಿಕ್ಕಿಕೊಂಡಿರಬಹುದು, ತಿಂದದ್ದು ಜಾಸ್ತಿಯಾಗಿರಬಹುದು, ಸೋಂಕಿನಿಂದ ನೀರು ತುಂಬಿರಬಹುದು. ನೀರು ತುಂಬಿದ ಗೋಲ್ಡ್‌ಫಿಶ್‌ಗೆ ಹುರುಪೆ ನಿಗುರುತ್ತದೆ, ನೋಡಿದ ತಕ್ಷಣ ಗೊತ್ತಾಗುತ್ತದೆ. ಇವಕ್ಕೆ ಹುರುಪೆಯೇ ಇಲ್ಲ, ಮೈಮೇಲೆ ಗಟ್ಟಿ ಫಲಕಗಳು. ಹಾಗಾಗಿ ಮೇಲಿನಿಂದ, ಪಕ್ಕದಿಂದ ಹೊಟ್ಟೆಯ ಆಕಾರ ನೋಡಬೇಕು. ಸುಮ್ನೆ ಉಬ್ಬರ ಅನಿಸಿದರೆ ಒಂದೆರಡು ದಿನ ಊಟ ನಿಲ್ಲಿಸಿ. ಮೀನಿಗೆ ಏನೂ ಆಗಲ್ಲ.

ತಳದಲ್ಲಿ ಒಂದು ಪಕ್ಕಕ್ಕೆ ಬಿದ್ದು, ಕಿವಿರು ಜೋರಾಗಿ ಆಡುತ್ತಿದ್ದರೆ ನನ್ನ ಅನುಮಾನ ನೇರವಾಗಿ ನೀರಿನ ಮೇಲೆ. ಮೀನಿನ ಗಲೀಜಿನಿಂದ ಹುಟ್ಟುವ ಅಮೋನಿಯಾ ಸೊನ್ನೆ ಇರಬೇಕು, ಅದರಿಂದಾಗುವ ನೈಟ್ರೈಟ್ ಕೂಡ ಸೊನ್ನೆ ಇರಬೇಕು. ನೈಟ್ರೈಟ್ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ, ಬಣ್ಣ ಕಂದಾಗುತ್ತದೆ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಏರಿದಷ್ಟೂ ಅಮೋನಿಯಾದ ವಿಷ ಜಾಸ್ತಿ. ನಮ್ಮ ಮನೆಗಳಲ್ಲಿ ಇದು ಹೇಗೆ ಆಗುತ್ತದೆ ಗೊತ್ತಾ? ಭಾನುವಾರ ಮೀನನ್ನೆಲ್ಲ ಬಕೆಟ್‌ಗೆ ಹಾಕಿ, ಕಲ್ಲು, ಫಿಲ್ಟರ್ ಸ್ಪಂಜು ಎಲ್ಲ ನಲ್ಲಿ ನೀರಲ್ಲಿ ತಿಕ್ಕಿ ತೊಳೆಯುತ್ತಾರೆ. ಗಲೀಜು ತಿಂದು ನೀರನ್ನು ಕಾಪಾಡುತ್ತಿದ್ದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಿಕ್ಕಿ ಸತ್ತುಹೋಗುತ್ತದೆ. ಬೆಂಗಳೂರಲ್ಲಂತೂ ಒಂದು ವಾರ ಕಾವೇರಿ ನೀರು, ಇನ್ನೊಂದು ವಾರ ಟ್ಯಾಂಕರ್‌ನ ಬೋರ್‌ವೆಲ್ ನೀರು. ಮೀನು ಆ ಏರುಪೇರು ಹೇಗೆ ತಡೆದುಕೊಳ್ಳಬೇಕು ಹೇಳಿ. ಅದರ ಮೇಲೆ ಆ ನೀಲಿ ಔಷಧಿ, ಅಂದರೆ ಮಿಥಿಲೀನ್ ಬ್ಲೂ, ಸುರಿದರೆ ಅಳಿದುಳಿದ ಬ್ಯಾಕ್ಟೀರಿಯಾಕ್ಕೂ ಏಟು. ಅಮೋನಿಯಾ ಇನ್ನೂ ಏರುತ್ತದೆ, ಮೀನು ಇನ್ನೂ ವಾಲುತ್ತದೆ, ಮನೆಯವರು ಇನ್ನೊಂದು ಡೋಸ್ ಹಾಕುತ್ತಾರೆ. ಈ ಸುತ್ತಿಗೆ ಸಿಕ್ಕಿ ಸತ್ತ ಮೀನುಗಳನ್ನು ನೆನೆದರೆ ನನಗೆ ನಿಜವಾಗಲೂ ಸಂಕಟವಾಗುತ್ತದೆ. ಕಾಲು ಭಾಗ ನೀರನ್ನು, ಕ್ಲೋರಿನ್ ತೆಗೆದ, ಅದೇ ಬಿಸಿಯ ನೀರಿನಿಂದ ಬದಲಿಸಿದರೂ ಎಷ್ಟೋ ಮೀನು ಉಳಿಯುತ್ತಿದ್ದವು.

ಗಿರಗಿರ ಸುತ್ತುವುದು ಬೇರೆಯೇ ವಿಷಯ. ತಿರುಪಿನಂತೆ ಸುತ್ತುತ್ತಾ ಈಜಿದರೆ, ಇಲ್ಲವೇ ತಲೆ ಮೇಲೆ ಬಾಲ ಕೆಳಗೆ ಮಾಡಿ ಮಂಕಾಗಿ ನೇತಾಡುತ್ತಿದ್ದರೆ, ತೊಂದರೆ ಮೆದುಳಿನಲ್ಲೋ ಒಳಕಿವಿಯಲ್ಲೋ ಇರಬಹುದು. ಅಮೆರಿಕದ ಕ್ಯಾಟ್‌ಫಿಶ್ ಸಾಕಣೆ ಕೊಳಗಳಲ್ಲಿ ಎಡ್ವರ್ಡ್‌ಸಿಯೆಲ್ಲಾ ಇಕ್ಟಾಲುರಿ ಎಂಬ ಬ್ಯಾಕ್ಟೀರಿಯಾ ಮಾಡುವುದು ಇದನ್ನೇ. 1979ರಲ್ಲಿ ಅದು ವರದಿಯಾಯಿತು. ನಮ್ಮ ಟ್ಯಾಂಕಿನಲ್ಲಿರುವುದೂ ಅದೇನಾ ಅಂತ ಕಣ್ಣಲ್ಲಿ ನೋಡಿ ಹೇಳಲು ಯಾರಿಗೂ ಆಗಲ್ಲ, ನನಗೂ ಆಗಲ್ಲ. ಇಲ್ಲಿ ಮೀನಿನ ರೋಗ ಓದಿದವರೇ ಬೇಕು. ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು 1969ರಿಂದ ಇದೆ. ಅಂಥ ಕಡೆ ಓದಿದವರನ್ನು ಹುಡುಕಿ ಕೇಳಿ.

ಅಲ್ಲಿಯವರೆಗೆ ಆ ಮೀನನ್ನು ಬೇರೆ ಟ್ಯಾಂಕಿಗೆ ಹಾಕಿ. ನೀರಿನ ಮಟ್ಟ ಕಮ್ಮಿ ಇರಲಿ, ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಓಡುತ್ತಿರಲಿ, ಲೈಟ್ ಬೇಡ. ಔಷಧಿ ಏನೇ ಕೊಡುವುದಿದ್ದರೂ ಅಲ್ಲೇ ಕೊಡಿ. ತಾಮ್ರ ಇರುವ ಔಷಧಿ ಮಾತ್ರ ಬೇಡ, ಕ್ಯಾಟ್‌ಫಿಶ್‌ಗೆ ಆಗಿಬರಲ್ಲ. ಎತ್ತುವಾಗ ಬಲೆ ಬಳಸಬೇಡಿ. ಪಕ್ಕದ ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸಲು ಹೋದರೆ ಮುರಿಯುತ್ತದೆ. ಒಂದು ಪ್ಲಾಸ್ಟಿಕ್ ಮಗ್ ಅದ್ದಿ, ನೀರಿನ ಸಮೇತ ಎತ್ತಿ.