ಫೈಲು ಬದಲಾದರೆ ಸಾಲದು, ಅಕ್ಷರವೂ ಬದಲಾಗಬೇಕು

ಎಲ್ಲರಿಗೂ ನಮಸ್ಕಾರ. ಇಲ್ಲಿ ಮಾಷ್ಟ್ರುಗಳು, ಟೀಚರ್‌ಗಳು ಇದ್ದೀರಿ. ಬ್ರಹ್ಮಕಲಶೋತ್ಸವಕ್ಕೆ ಸ್ಮರಣ ಸಂಚಿಕೆ ತರುವವರು, ಯಕ್ಷಗಾನ ಪ್ರಸಂಗಗಳನ್ನು ಟೈಪ್ ಮಾಡಿ ಇಟ್ಟವರು, ಡಿಟಿಪಿ ಅಂಗಡಿಯವರೂ ಇದ್ದೀರಿ. ಹಾಗಾಗಿ ದೊಡ್ಡ ಪೀಠಿಕೆ ಬೇಡ. ಒಂದು ಕನ್ನಡ ಫೈಲು ಬದಿಯಡ್ಕದಿಂದ ಮಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಅದಕ್ಕೆ ಏನೇನಾಗುತ್ತದೆ ಅಂತ ನೋಡೋಣ.

ಕಾಸರಗೋಡಿನಲ್ಲಿ ಈ ಪಜೀತಿ ಸ್ವಲ್ಪ ಜಾಸ್ತಿಯೇ. ನಮ್ಮ ಶಾಲೆಗಳಲ್ಲಿ ಇರುವುದು ಲಿನಕ್ಸ್. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾಯಿತು, 2017ರಲ್ಲಿ ಅದೇ ಕೈಟ್ ಸಂಸ್ಥೆಯಾಯಿತು. ಅವರು ಕೊಡುವ ಕಂಪ್ಯೂಟರಿನಲ್ಲಿ ವರ್ಡಿನ ಕೆಲಸಕ್ಕೆ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ ಇರುತ್ತದೆ. ಮನೆಗೆ ಬಂದರೆ ವಿಂಡೋಸ್ ಮತ್ತು ವರ್ಡ್. ಮುದ್ರಣಕ್ಕೆ ಗಡಿ ದಾಟಿಸಿದರೆ ಅಲ್ಲಿ ಕನ್ನಡ ಟೈಪಿಸುವ ನುಡಿ, ಪುಟ ಜೋಡಿಸುವ ಪೇಜ್‌ಮೇಕರ್. ಪಂಚಾಯತಿನ ಕಾಗದದಲ್ಲಿ ಮಲಯಾಳವೂ ಸೇರಿರುತ್ತದೆ. ಒಂದೇ ಬರಹ ಇಷ್ಟು ಕಡೆ ತಿರುಗಬೇಕು.

ಮೊದಲು ಫೈಲಿನ ನಮೂನೆಗಳ ವಿಚಾರ ಮುಗಿಸಿಬಿಡುತ್ತೇನೆ, ಅದು ಸುಲಭ. ಹಳೆಯ ವರ್ಡಿನದ್ದು ಡಾಕ್. ಆಫೀಸ್ 2007ರಿಂದ ಬಂದದ್ದು ಡಾಕ್ಸ್. ಲಿಬ್ರೆಆಫೀಸಿನದ್ದು ಒಡಿಟಿ, ಅದಕ್ಕೆ 2006ರಲ್ಲೇ ಅಂತರರಾಷ್ಟ್ರೀಯ ಮಾನಕವೆಂಬ ಮಾನ್ಯತೆ ಸಿಕ್ಕಿತು. ಡಾಕ್ಸ್‌ಗೆ ಸಿಕ್ಕಿದ್ದು 2008ರಲ್ಲಿ. ಡಾಕ್ ಒಳಗೆ ಇಣುಕಿ ನೋಡಿದರೆ ನಮಗೆ ಏನೂ ಅರ್ಥವಾಗುವುದಿಲ್ಲ. ಆದರೆ ಡಾಕ್ಸ್, ಒಡಿಟಿ ಎರಡೂ ನಿಜವಾಗಿ ಜಿಪ್ ಫೈಲುಗಳು, ಅಂದರೆ ಹಲವು ಫೈಲುಗಳನ್ನು ಒಟ್ಟಿಗೆ ಕಟ್ಟಿಟ್ಟ ಗಂಟು. ಒಂದು ಡಾಕ್ಸ್‌ನ ಪ್ರತಿ ಮಾಡಿ, ಹೆಸರಿನ ಬಾಲಕ್ಕೆ ಜಿಪ್ ಅಂತ ಹಾಕಿ ತೆರೆಯಿರಿ. ಒಳಗೆ 'ವರ್ಡ್' ಎಂಬ ಫೋಲ್ಡರ್, ಅದರೊಳಗೆ 'ಡಾಕ್ಯುಮೆಂಟ್' ಎಂಬ ಎಕ್ಸ್‌ಎಂಎಲ್ ಫೈಲು. ನೀವು ಬರೆದದ್ದೆಲ್ಲ ಅಲ್ಲಿದೆ. ಕೆಟ್ಟುಹೋದ ಡಾಕ್ಸ್ ತೆರೆಯದಿದ್ದಾಗ ಎಷ್ಟೋ ಸಲ ಈ ದಾರಿಯಲ್ಲೇ ಬರಹವನ್ನು ಹೊರಗೆ ತೆಗೆಯಬಹುದು.

ಈ ಮೂರರ ನಡುವೆ ಬದಲಾಯಿಸಲು 'ಸೇವ್ ಆ್ಯಸ್' ಸಾಕು. ಸಾದಾ ಪ್ಯಾರಾಗಳು ಸರಿಯಾಗಿಯೇ ಬರುತ್ತವೆ. ಟೆಕ್ಸ್ಟ್ ಬಾಕ್ಸ್, ಚಿತ್ರದ ಸುತ್ತ ಹರಿಯುವ ಸಾಲು, ದೊಡ್ಡ ಕೋಷ್ಟಕ, ಇವು ಅಲುಗಾಡುತ್ತವೆ. ಹಾಗಾಗಿ ಒಂದು ಫೈಲನ್ನು ಒಡಿಟಿಯಿಂದ ಡಾಕ್ಸ್‌ಗೆ, ಮತ್ತೆ ಒಡಿಟಿಗೆ ಅಂತ ತಿರುಗಿಸುತ್ತಾ ಇರಬೇಡಿ. ಒಂದನ್ನು ಮೂಲ ಪ್ರತಿ ಅಂತ ಇಟ್ಟುಕೊಳ್ಳಿ, ಬೇಕಾದಾಗ ಅದರಿಂದ ಇನ್ನೊಂದನ್ನು ತೆಗೆಯಿರಿ.

ನಿಜವಾದ ತಲೆನೋವು ಅಕ್ಷರದ್ದು. 1998ರಲ್ಲಿ ಕನ್ನಡ ಟೈಪಿಸುವ 'ಬರಹ' ತಂತ್ರಾಂಶ ಬಂದಾಗ ವಿಂಡೋಸ್‌ಗೆ ಕನ್ನಡ ಅಂದರೇನು ಅಂತಲೇ ಗೊತ್ತಿರಲಿಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ 128 ಸ್ಥಾನ ಇಟ್ಟಿದ್ದರು. ಆದರೆ ವಿಂಡೋಸ್ ಅದನ್ನು ತೋರಿಸಲು ಕಲಿತದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಅಲ್ಲಿಯವರೆಗೆ ನಮ್ಮವರು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ನಡೆಸಿದರು. ಅದನ್ನೇ ನಾವು 'ಆಸ್ಕಿ ಕನ್ನಡ' ಅನ್ನುತ್ತೇವೆ. ಅದಿಲ್ಲದಿದ್ದರೆ ಆ ಹೊತ್ತಿಗೆ ಕನ್ನಡದಲ್ಲಿ ಒಂದು ಆಮಂತ್ರಣ ಪತ್ರಿಕೆಯೂ ಕಂಪ್ಯೂಟರಿನಲ್ಲಿ ಆಗುತ್ತಿರಲಿಲ್ಲ. ಹಾಗಾಗಿ ಅದನ್ನು ಬೈಯುವವರ ಗುಂಪಿಗೆ ನಾನು ಸೇರುವುದಿಲ್ಲ.

ಆದರೆ ಪರಿಣಾಮ ನೋಡಿ. ನುಡಿಯಲ್ಲಿ ನೀವು 'ಕನ್ನಡ' ಅಂತ ಟೈಪ್ ಮಾಡಿದರೆ ಫೈಲಿನ ಒಳಗೆ ಉಳಿಯುವುದು ದೊಡ್ಡ 'ಪಿ', ತಲೆಯ ಮೇಲೆ ಗೀಟಿರುವ 'ಎ', ಪೌಂಡಿನ ಗುರುತು, ಹೀಗೆ ಒಂದಿಷ್ಟು ಚಿಹ್ನೆ. ನುಡಿ ಫಾಂಟು ಇದ್ದರೆ ಅದು ಕನ್ನಡವಾಗಿ ಕಾಣುತ್ತದೆ. ಇಲ್ಲದಿದ್ದರೆ ಬರೀ ಕಸ. ಇಂಥ ಡಾಕ್ ಫೈಲನ್ನು ಒಡಿಟಿ ಮಾಡಿದರೂ ಒಳಗಿರುವುದು ಅದೇ ಪೌಂಡಿನ ಗುರುತು. ಗೋಣಿ ಬದಲಿಸಿದರೆ ಒಳಗಿನ ಕೊಳೆ ಅಡಿಕೆ ಚಾಲಿಯಾಗುತ್ತದೆಯೇ?

ಫೈಲು ಯಾವ ಜಾತಿಯದ್ದು ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಒಂದು ಸಾಲು ಆರಿಸಿ, ಫಾಂಟನ್ನು ಏರಿಯಲ್ ಮಾಡಿ. ಕನ್ನಡ ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಚಿಂದಿಯಾದರೆ ಆಸ್ಕಿ. ನೋಡಿ ಆದಮೇಲೆ ಅನ್‌ಡೂ ಒತ್ತಲು ಮರೆಯಬೇಡಿ.

ಆಸ್ಕಿಯಿಂದ ಯೂನಿಕೋಡ್‌ಗೆ ತರುವ ಪರಿವರ್ತಕಗಳು ಅಂತರ್ಜಾಲದಲ್ಲಿ ಬೇಕಾದಷ್ಟು ಇವೆ. ಸುಮ್ನೆ ಕಾಪಿ ಮಾಡಿ ಅಂಟಿಸಿದರೆ ಆಯಿತು ಅಂದುಕೊಳ್ಳಬೇಡಿ. 'ಕಾರ್ಯದರ್ಶಿ' ಅನ್ನುವ ಪದ ತೆಗೆದುಕೊಳ್ಳಿ. ಆಸ್ಕಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಂದರೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಹಾಗಾಗಿ ರಕಾರ ಮೊದಲು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು. ಇಡದಿದ್ದರೆ ಬರುವುದು 'ಕಾಯರ್ದಶಿರ್'. ಸ್ಮರಣ ಸಂಚಿಕೆಯ ಪದಾಧಿಕಾರಿಗಳ ಪಟ್ಟಿಯಲ್ಲಿ ಇದು ಅಚ್ಚಾದರೆ ಆ ಕಾರ್ಯದರ್ಶಿಯವರ ಮುಖ ಹೇಗಿರಬಹುದು! ಅರ್ಕಾವತ್ತಿನ ಪದಗಳನ್ನು ಹುಡುಕಿ ನೋಡಿದರೆ ಪರಿವರ್ತಕದ ಗುಣಮಟ್ಟ ತಿಳಿದುಬಿಡುತ್ತದೆ. 'ರ‍್ಯಾಂಕ್', 'ಸಾಫ್ಟ್‌ವೇರ್' ಇಂಥ ಪದಗಳನ್ನೂ ನೋಡಿ. ಅವುಗಳ ಮಧ್ಯೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಅದು ಬಿದ್ದುಹೋದರೆ ಒತ್ತಕ್ಷರದ ರೂಪವೇ ಬೇರೆಯಾಗುತ್ತದೆ.

ಇನ್ನೊಂದು ತೊಂದರೆ ನಮ್ಮ ಊರಿನದ್ದೇ. ಕೇರಳದ ಹಳೆಯ ಫೈಲುಗಳಲ್ಲಿ ಮಲಯಾಳಕ್ಕೆ ಕಾರ್ತಿಕ, ರೇವತಿ ಎಂಬ ಆಸ್ಕಿ ಫಾಂಟುಗಳಿವೆ. ಅವೂ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ. ಅಂದರೆ ಒಂದೇ ಚಿಹ್ನೆ ನುಡಿಯಲ್ಲಿ ಒಂದು ಅಕ್ಷರ, ಕಾರ್ತಿಕದಲ್ಲಿ ಇನ್ನೊಂದು. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಇರುವ ಒಂದು ನೋಟೀಸನ್ನು ಇಡಿಯಾಗಿ ಕನ್ನಡ ಪರಿವರ್ತಕಕ್ಕೆ ಹಾಕಿದರೆ ಮಲಯಾಳವೂ ಇಂಗ್ಲಿಷೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಅಂಟಿಸುವ ಚೌಕಕ್ಕೆ ಫಾಂಟಿನ ಹೆಸರು ಹೋಗುವುದೇ ಇಲ್ಲ, ಪಾಪ, ಅದಕ್ಕೆ ಹೇಗೆ ಗೊತ್ತಾಗಬೇಕು?

ಇದಕ್ಕೆ ಉಪಾಯ ಇದೆ. ವರ್ಡಿನ ಹುಡುಕು-ಬದಲಿಸು ಪೆಟ್ಟಿಗೆಯಲ್ಲಿ ಅಕ್ಷರದ ಬದಲು ಫಾಂಟನ್ನೇ ಹುಡುಕಬಹುದು. ನುಡಿ ಇರುವಲ್ಲೆಲ್ಲ ಕೆಂಪು ಬಣ್ಣ, ಕಾರ್ತಿಕ ಇರುವಲ್ಲೆಲ್ಲ ನೀಲಿ ಬಣ್ಣ ಅಂತ ಬದಲಿಸಿ. ಈಗ ಯಾವುದನ್ನು ಯಾವ ಪರಿವರ್ತಕಕ್ಕೆ ಕೊಡಬೇಕು ಅಂತ ಕಣ್ಣಿಗೇ ಕಾಣುತ್ತದೆ. ಕೆಂಪನ್ನು ಒಂದೊಂದೇ ತುಂಡಾಗಿ ಬದಲಿಸುತ್ತಾ ಹೋಗಿ. ಬೇಜಾರಿನ ಕೆಲಸ, ನಿಜ. ಆದರೆ ಕೋಷ್ಟಕ, ಅಡಿಟಿಪ್ಪಣಿ ಎಲ್ಲ ಇದ್ದಲ್ಲೇ ಉಳಿಯುತ್ತವೆ.

ಅಷ್ಟೆಲ್ಲ ಮಾಡಿದ ಮೇಲೆ ಹಲವರು ಬಂದು ಕೇಳುವುದು ಇದು: "ಅಕ್ಷರ ಸರಿ ಬಂತು, ಆದರೆ ಗಾತ್ರ ಯಾಕೆ ಬದಲಾಯಿತು? ದಪ್ಪ ಅಕ್ಷರ ಯಾಕೆ ತೆಳ್ಳಗಾಯಿತು?" ವರ್ಡ್ ಮತ್ತು ಲಿಬ್ರೆಆಫೀಸ್ ಎರಡೂ ಪ್ರತಿ ಶೈಲಿಗೂ ಕನಿಷ್ಠ ಎರಡು ಲೆಕ್ಕ ಇಡುತ್ತವೆ. ಇಂಗ್ಲಿಷಿಗೆ ಒಂದು ಫಾಂಟು, ಒಂದು ಗಾತ್ರ. ಕನ್ನಡ, ಮಲಯಾಳ, ಅರಬಿಯಂಥ ಸಂಕೀರ್ಣ ಲಿಪಿಗಳಿಗೆ ಬೇರೆ ಫಾಂಟು, ಬೇರೆ ಗಾತ್ರ, ದಪ್ಪ ಮಾಡುವುದೂ ಬೇರೆ. ಆಸ್ಕಿ ಕನ್ನಡ ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷೇ. ಯೂನಿಕೋಡ್ ಆದ ಕೂಡಲೇ ಅದು ಎರಡನೇ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿ ಗಾತ್ರ 12 ಅಂತ ಇದ್ದರೆ ನಿಮ್ಮ 18ರ ಶೀರ್ಷಿಕೆ 12 ಆಗಿಬಿಡುತ್ತದೆ. ಲಿಬ್ರೆಆಫೀಸಿನ ಭಾಷಾ ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಯ ಗುರುತು ಹಾಕಿಕೊಳ್ಳಿ. ಆಮೇಲೆ ಶೈಲಿಯಲ್ಲೇ ಒಮ್ಮೆ ಗಾತ್ರ ಸರಿಮಾಡಿದರೆ ಇಡೀ ಪುಸ್ತಕ ಸರಿಯಾಗುತ್ತದೆ. ಒಂದೊಂದು ಸಾಲನ್ನೂ ಹಿಡಿದು ತಿದ್ದುತ್ತಾ ಕೂರುವುದು ಬೇಡ.

ತುಂಗಾ, ನಿರ್ಮಲಾ ಫಾಂಟುಗಳು ಶಾಲೆಯ ಲಿನಕ್ಸ್‌ನಲ್ಲಿ ಇರುವುದಿಲ್ಲ. ಅಲ್ಲಿ ಬೇರೆ ಫಾಂಟು ಬಂದು ಕೂರುತ್ತದೆ, ಪುಟಗಳ ಸಂಖ್ಯೆ ಹೆಚ್ಚುಕಡಿಮೆಯಾಗುತ್ತದೆ. ಪ್ರಶ್ನೆಪತ್ರಿಕೆ ಮಾಡುವವರು ನೋಟೋ, ಲೋಹಿತ್, ಗುಬ್ಬಿ, ನವಿಲು ಇಂಥ ಮುಕ್ತ ಫಾಂಟು ಬಳಸಿದರೆ ಎರಡೂ ಕಡೆ ಒಂದೇ ರೀತಿ ಕಾಣುತ್ತದೆ.

ಪಿಡಿಎಫ್ ಬಗ್ಗೆ ಎರಡು ಮಾತು. ಅದು ಮುದ್ರಣಕ್ಕೆ ಒಳ್ಳೆಯದು, ಬರಹವನ್ನು ಕಾಪಾಡಲಿಕ್ಕೆ ಅಲ್ಲ. ಅದರಲ್ಲಿ ಮುಖ್ಯವಾಗಿ ಇರುವುದು ಅಕ್ಷರದ ಆಕಾರ ಮತ್ತು ಜಾಗ. ಕನ್ನಡ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುವುದು ಅದಕ್ಕೇ. ಮೂಲ ಫೈಲು ಕಳೆದುಹೋಗಿದ್ದರೆ ಕಾಪಿ ಮಾಡುವುದಕ್ಕಿಂತ ಪುಟವನ್ನು ಚಿತ್ರದಂತೆ ಓದುವ ಒಸಿಆರ್ ವಾಸಿ. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತದೆ. ಕರಡು ತಿದ್ದುವ ಕೆಲಸ ಮಾತ್ರ ತಪ್ಪಿದ್ದಲ್ಲ.

ಕೊನೆಯದಾಗಿ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಹಳೆಯ ಸಂಚಿಕೆಗಳು, ಪ್ರಸಂಗಗಳು ಅದರಲ್ಲೇ ಸಿಕ್ಕಿಕೊಂಡಿವೆ. ಇನ್ನೂ ಅದು ಓಡುವ ಕಂಪ್ಯೂಟರ್ ನಿಮ್ಮ ಅಂಗಡಿಯಲ್ಲಿ ಇದ್ದರೆ ಅದು ಹಾಳಾಗುವ ಮೊದಲು ಕೆಲಸ ಮುಗಿಸಿ. ಬರಹದ ಮೇಲೆ ಕರ್ಸರ್ ಇಟ್ಟು, 'ಎಕ್ಸ್‌ಪೋರ್ಟ್' ಕೊಟ್ಟು, ಆರ್‌ಟಿಎಫ್ ಆಗಿ ಉಳಿಸಿ. ಒಂದೊಂದು ಲೇಖನಕ್ಕೂ ಬೇರೆ ಬೇರೆ ಮಾಡಬೇಕು. ಆರ್‌ಟಿಎಫ್ ಅನ್ನು ವರ್ಡೂ ತೆರೆಯುತ್ತದೆ, ಲಿಬ್ರೆಆಫೀಸೂ ತೆರೆಯುತ್ತದೆ. ಯಾವ ತಂತ್ರಾಂಶದ ಅಕ್ಷರ ಅಂತ ತಿಳಿಯಲು ಫೈಲಿನ ಹೆಸರಿನಲ್ಲೇ 'ನುಡಿ' ಅಂತಲೋ 'ಶ್ರೀಲಿಪಿ' ಅಂತಲೋ ಸೇರಿಸಿಡಿ. ಎರಡರ ಅಕ್ಷರ ಜೋಡಣೆ ಬೇರೆ ಬೇರೆ, ಪರಿವರ್ತಕವೂ ಬೇರೆ.

ಪೆನ್ ಡ್ರೈವ್ ತಂದವರು ಆ ಕಡೆಯ ಮೇಜಿನ ಹತ್ತಿರ ಬನ್ನಿ. ಮಲಯಾಳ ಸೇರಿರುವ ಫೈಲು ಇದ್ದವರು ಮೊದಲು ಬನ್ನಿ, ಅದಕ್ಕೇ ಜಾಸ್ತಿ ಹೊತ್ತು ಬೇಕು.