ಪಗಡಿಯಷ್ಟೂ ಗಟ್ಟಿಯಿಲ್ಲದ ವಿಳಾಸ

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡಿಗ ವ್ಯಾಪಾರಿಗಳೆದುರು ಆಡಿದ ಮಾತು)

ನಮಸ್ಕಾರ. ಪಗಡಿ ಅಂದರೇನು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಮುಂಗಡ ಕೊಟ್ಟು ಹಿಡಿಯುವ ಮುಂಬಯಿಯ ಹಳೆಯ ಬಾಡಿಗೆ ಪದ್ಧತಿ; ಗಿರ್‌ಗಾಂವ್‌ನಲ್ಲಿ ಅಜ್ಜ ಹಿಡಿದ ಖೋಲಿ ಇದ್ದ ಹಾಗೆ. ಮಾಲೀಕ ಬೇರೆ, ಆದರೂ ನಮ್ಮನ್ನು ಎಬ್ಬಿಸಬೇಕಾದರೆ ಅವನು ಕೋರ್ಟು ಹತ್ತಬೇಕು. ಇಂಟರ್‌ನೆಟ್ಟಿನ ವಿಳಾಸಕ್ಕೆ ಅಷ್ಟೂ ಬಲವಿಲ್ಲ. ಡೊಮೈನ್, ಅಂದರೆ ಸೈಟಿನ ಹೆಸರು, 'ಕೊಂಡೆ' ಅನ್ನುತ್ತೇವೆ. ಕೊಳ್ಳುವುದೆಲ್ಲಿ ಬಂತು, ವರ್ಷಾವರ್ಷ ಬಾಡಿಗೆ ಕಟ್ಟುತ್ತೇವೆ, ಅಷ್ಟೆ.

ಗೋರೆಗಾಂವ್‌ನ ನನ್ನ ಪರಿಚಯದವರೊಬ್ಬರು ಲಂಡನ್ನಿನಲ್ಲಿ ಸಣ್ಣ ಕಂಪನಿ ತೆರೆದು ಸಾಂಬಾರ್ ಪುಡಿ ಮಾರುತ್ತಿದ್ದರು. ಜರ್ಮನಿಯ ಗಿರಾಕಿಗಳೂ ಸಿಗಲಿ ಅಂತ ಐರೋಪ್ಯ ಒಕ್ಕೂಟದ ಡಾಟ್ ಇಯು (.eu) ವಿಳಾಸ ತೆಗೆದುಕೊಂಡರು. ರಟ್ಟಿನ ಪೆಟ್ಟಿಗೆಯ ಮೇಲೆ ಅದನ್ನೇ ಅಚ್ಚು ಹಾಕಿಸಿದರು. 2021ರ ಜನವರಿ 1ರಂದು ಸೈಟೂ ಇಲ್ಲ, ಇಮೇಲೂ ಇಲ್ಲ. ಹ್ಯಾಕ್ ಆಯಿತೇನೋ ಅಂತ ನನಗೆ ಫೋನು! ನಾನೂ ಅರ್ಧ ಗಂಟೆ ಪಾಸ್‌ವರ್ಡ್ ಹುಡುಕುತ್ತ ಕೂತೆ, ದಡ್ಡನ ಹಾಗೆ.

ಆಗಿದ್ದು ಇಷ್ಟು. ಡಾಟ್ ಇಯು ಪಡೆಯಲು ಐರೋಪ್ಯ ಒಕ್ಕೂಟದ ನಾಗರಿಕರಾಗಿರಬೇಕು, ಇಲ್ಲವೇ ಅಲ್ಲಿ ಮನೆಯೋ ಕಚೇರಿಯೋ ಇರಬೇಕು; ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್‌ಗೂ ಅವಕಾಶವುಂಟು. ಬ್ರಿಟನ್ 2016ರಲ್ಲಿ ಒಕ್ಕೂಟ ಬಿಡಲು ಮತ ಹಾಕಿತು, 2020ರ ಜನವರಿ 31ಕ್ಕೆ ಹೊರಬಿತ್ತು, ಅದೇ ವರ್ಷದ ಡಿಸೆಂಬರ್ 31ಕ್ಕೆ, ಹಳೆಯ ನಿಯಮಗಳೇ ನಡೆಯುತ್ತಿದ್ದ ಪರಿವರ್ತನೆಯ ಅವಧಿ ಮುಗಿಯಿತು. ಮರುದಿನ ಸುಮಾರು 80 ಸಾವಿರ ಹೆಸರುಗಳು ಸ್ಥಗಿತ. ಬಾಡಿಗೆ ಬಾಕಿಯಿತ್ತೇ, ಇಲ್ಲ. ಟ್ರೇಡ್‌ಮಾರ್ಕ್ ಇದ್ದವರೂ ಉಳಿಯಲಿಲ್ಲ. ಕೇಳಿದ್ದು ನೀನೆಲ್ಲಿಯವನು ಅಂತ ಮಾತ್ರ. ಒಕ್ಕೂಟದೊಳಗಿನ ವಿಳಾಸ ತೋರಿಸಿದವರು ಮರಳಿ ಪಡೆದರು. ಉಳಿದವರ ಹೆಸರುಗಳು 2022ರ ಜನವರಿಯಲ್ಲಿ ಬೇರೆಯವರ ಪಾಲಿಗೆ ತೆರೆದುಕೊಂಡವು. ತಮಾಷೆ ನೋಡಿ, ಒಕ್ಕೂಟ ಬಿಡೋಣ ಎಂದು ಪ್ರಚಾರ ಮಾಡಿದ ಬಣವೊಂದರ ಸೈಟೇ 'ಲೀವ್ ಡಾಟ್ ಇಯು'. ಅದೂ ಐರ್ಲೆಂಡಿನ ವಿಳಾಸ ಹಿಡಿಯಬೇಕಾಯಿತು.

ದೇಶವೇ ಕರಗಿದರೆ ಇನ್ನೂ ಕಷ್ಟ. ಯುಗೊಸ್ಲಾವಿಯದ ಡಾಟ್ ವೈಯು 2010ರಲ್ಲಿ ಅಳಿಯಿತು. ಸರ್ಬಿಯಕ್ಕೆ ಆರ್‌ಎಸ್, ಮಾಂಟೆನೆಗ್ರೊಗೆ ಎಂಇ ಬಂದವು. ಆದರೆ ಸೋವಿಯತ್ ಒಕ್ಕೂಟದ ಎಸ್‌ಯು ಇಂದಿಗೂ ಉಸಿರಾಡುತ್ತಿದೆ! ಎಲ್ಲರಿಗೂ ಒಂದೇ ನ್ಯಾಯ ಅಂದುಕೊಳ್ಳಬೇಡಿ.

ನಮ್ಮ ಪುಣೆ, ಬೆಂಗಳೂರಿನ ಹುಡುಗರಿಗೆ ಪ್ರಿಯವಾದ ಡಾಟ್ ಐಓ ಕೂಡ ಒಂದು ನೆಲದ ಗುರುತು, ಬ್ರಿಟಿಷರ ಹಿಂದೂ ಮಹಾಸಾಗರ ಪ್ರದೇಶದ್ದು. ಆ ಚಾಗೋಸ್ ದ್ವೀಪಗಳನ್ನು ಮಾರಿಷಸ್ಸಿಗೆ ಬಿಟ್ಟುಕೊಡುವ ಒಪ್ಪಂದಕ್ಕೆ 2025ರ ಮೇ ತಿಂಗಳಲ್ಲಿ ಸಹಿ ಬಿತ್ತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಓ ಇಟ್ಟಿರುವ ದೇಶಗಳ ಎರಡಕ್ಷರದ ಪಟ್ಟಿಯಿಂದ ಐಓ ತೆಗೆದರೆ, ಇಂಟರ್‌ನೆಟ್ ವಿಳಾಸಗಳ ಉಸ್ತುವಾರಿ ನೋಡುವ ಐಕಾನ್ (ICANN) ಸಂಸ್ಥೆಯ ನಿಯಮದಂತೆ ಅದನ್ನು ಮುಚ್ಚಲು ಸಾಮಾನ್ಯವಾಗಿ 5 ವರ್ಷದ ಗಡುವು, ಹೆಚ್ಚೆಂದರೆ 10. ತೆಗೆದಿಲ್ಲ ಇನ್ನೂ, ಹೆದರಿ ಓಡಬೇಡಿ. ಆದರೆ ಪೆಟ್ಟಿಗೆ ಅಚ್ಚು ಹಾಕಿಸುವ ಮುಂಚೆ ಭಾರತದ ಡಾಟ್ ಇನ್ ಒಂದನ್ನೂ ಜೊತೆಗಿಟ್ಟುಕೊಳ್ಳಿ, ನಿಮ್ಮ ಹೆಸರಿನಲ್ಲೇ. ಸೈಟು ಮಾಡಿಕೊಟ್ಟ ಹುಡುಗನ ಹೆಸರಿನಲ್ಲಲ್ಲ.

1995ರಲ್ಲಿ ಬಾಂಬೆ ಮುಂಬಯಿ ಆದಾಗ 'ಬಾಂಬೆ' ಅಂತ ಬೋರ್ಡಿದ್ದ ಹೋಟೆಲುಗಳಿಗೆ ಗಿರಾಕಿ ಬರುವುದೇನೂ ನಿಲ್ಲಲಿಲ್ಲ. ನಮ್ಮ ಗೋರೆಗಾಂವ್‌ನವರಿಗೆ ಆ ಭಾಗ್ಯವಿರಲಿಲ್ಲ. ಉಳಿದ ಪೆಟ್ಟಿಗೆಗಳಿಗೆಲ್ಲ ಮನೆಮಂದಿ ಕೂತು ಬಿಳಿ ಸ್ಟಿಕರ್ ಅಂಟಿಸಿದರು. ಬೆಳಕಿಗೆ ಹಿಡಿದರೆ ಹಳೆಯ ವಿಳಾಸ ಇನ್ನೂ ಕಾಣುತ್ತದೆ.